ಹೊಟ್ಟೆ ಸೀಳಿದ ಕಪ್ಪೆಯ ನಗು

೧೯೯೮ರ ಮಾರ್ಚ್ ೧೪, ಶನಿವಾರ, ಬೆಳಿಗ್ಗೆ ಒಂಬತ್ತು ನಲ್ವತ್ತಕ್ಕೆ, ಮೂಡುಬಿದಿರೆಯ ಕಾಲೇಜೊಂದರ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಮೂಕಾಂಬಿಕಾ ಮೇಡಂ ಉನೈಸನ ರೆಕಾರ್ಡ್ ಪುಸ್ತಕದ ಮೇಲೆ ಕನ್ನಡಕ ಬಿಚ್ಚಿಟ್ಟರು. ಅವರು ಕನ್ನಡಕ ತೆಗೆದರೆ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ಬುಧವಾರದ ಪ್ರಾಕ್ಟಿಕಲ್ ಪರೀಕ್ಷೆಯೂ ಇಲ್ಲ.

"ಹೊಟ್ಟೆ ಸೀಳಿದ ಮೇಲೂ ಕಪ್ಪೆ ನಗ್ತದಾ ಉನೈಸ್?"

ಉನೈಸ್ ಬಗ್ಗಿ ನೋಡಿದ. ನಾಲ್ಕೂ ಕಾಲಿಗೆ ಗುಂಡುಸೂಜಿ ಚುಚ್ಚಿಸಿಕೊಂಡು, ಕರುಳು ಹರಡಿಕೊಂಡು ಮಲಗಿದ್ದ ಕಪ್ಪೆ ಮದುವೆ ಊಟ ಮುಗಿಸಿದವರ ಹಾಗೆ ನಗುತ್ತಿತ್ತು. ಮೂರು ಸಂಜೆ ಕೂತು ಶೇಡ್ ಕೊಟ್ಟ ಚಿತ್ರ.

"ನಗುವುದಲ್ಲ ಮೇಡಂ. ಸ್ವಲ್ಪ ಸಮಾಧಾನದಲ್ಲಿದ್ದ ಹಾಗೆ ಕಂಡಿತು."

"ಅದಕ್ಕೆಂತ ಸಮಾಧಾನ? ಶೇಡ್ ಬೇಡ, ಚುಕ್ಕೆ ಸಾಕು. ಬಾಯಿ ನೇರ ಗೆರೆ. ಸೋಮವಾರ ತೋರಿಸು."

ಪೇಚೆಂದರೆ, ಅದೇ ಪುಟವನ್ನು ಅದೇ ಮಧ್ಯಾಹ್ನ ಇನ್ನೊಬ್ಬರಿಗೆ ತೋರಿಸುವುದಿತ್ತು. ಗುರುವಾಯನಕೆರೆಯಲ್ಲಿ ಅಂಗಡಿಗಳಿಗೆ ಬೋರ್ಡ್, ಬಸ್ಸುಗಳಿಗೆ ಹೆಸರು ಬರೆಯುವ ತುಕ್ರಪ್ಪಣ್ಣ, "ನಿನ್ನ ಕೈ ಹೇಗುಂಟು ನೋಡುವ, ಆಮೇಲೆ ಬ್ರಶ್ ಕೊಡುವ" ಎಂದಿದ್ದರು. ಡಿಗ್ರಿ ಬೇಕಾದದ್ದು ಉಮ್ಮನಿಗೆ. ಬ್ರಶ್ ಬೇಕಾದದ್ದು ಉನೈಸನಿಗೆ.

ತುಕ್ರಪ್ಪಣ್ಣ ಪುಟವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಎಂತ ಮಾರಾಯ ಇದು? ಕರುಳು ಹೊರಗೆ, ಗಮ್ಮತ್ತು ಒಳಗೆ. ಕೈ ಉಂಟು ನಿನಗೆ. ಪರೀಕ್ಷೆ ಪಾಸು ಮಾಡಿ ಬಾ."

"ಮೇಡಂ ಬಾಯಿ ನೇರ ಮಾಡಲಿಕ್ಕೆ ಹೇಳಿದ್ದಾರೆ."

"ಮಾಡು. ಬೋರ್ಡ್ ಯಜಮಾನನದ್ದು. ಹೋದ ವಾರ ಒಬ್ಬ ಕೋಳಿಗೆ ಕನ್ನಡಕ ಹಾಕು ಅಂದ, ಹಾಕಿದೆ. ನಮ್ಮದು ಅಂತ ಇರುವುದು ಕೆಳಗಿನ ಮೂಲೆ ಮಾತ್ರ." ಒಣಗಲಿಟ್ಟಿದ್ದ ಬೋರ್ಡಿನ ಆ ಮೂಲೆಯಲ್ಲಿ ಚಿಕ್ಕದಾಗಿ 'ತುಕ್ರ ಆರ್ಟ್ಸ್' ಎಂದಿತ್ತು.

ಭಾನುವಾರವಿಡೀ ಉನೈಸ್ ನೆರಿಯದ ಮನೆಯಲ್ಲಿ ಕೂತು ಹೊಸ ಪುಟದಲ್ಲಿ ಚುಕ್ಕೆ ಇಟ್ಟ. ಸ್ಕೇಲ್ ಇಟ್ಟು ಬಾಯಿ ಎಳೆದ. ಮುಗಿದ ಖುಷಿಯಲ್ಲಿ ಕೈ ತಾನಾಗಿ ಕೆಳಗಿನ ಮೂಲೆಗೆ ಹೋಯಿತು.

ಸೋಮವಾರ ಚಿತ್ರ ನೋಡಿ ಮೇಡಂ ತಲೆಯಾಡಿಸಿದರು, ಪೆನ್ನಿನ ಮುಚ್ಚಳ ತೆಗೆದರು. ಸಹಿ ಹಾಕುವ ಮೂಲೆಯಲ್ಲಿ ಪೆನ್ನು ನಿಂತಿತು.

"'ಉನೈಸ್ ಆರ್ಟ್ಸ್, ನೆರಿಯ.' ಇದು ಯಾವ ಅಂಗ?"

"ಅಂಗ ಅಲ್ಲ ಮೇಡಂ. ಬರೆದವನ ಹೆಸರು."

"ರೆಕಾರ್ಡಿನಲ್ಲಿ ಹೆಸರು ಇದ್ದರೆ ಲೇಬಲ್ ಗೆರೆ ಇರಬೇಕು. ಎಳಿ. ಇದರಲ್ಲಿ ನಿನ್ನದು ಯಾವುದು?"

ಯಕೃತ್ತು ಅವನದಲ್ಲ. ಜಠರವೂ ಅಲ್ಲ. ಮೇಡಂ ಕೈ ಕನ್ನಡಕದತ್ತ ಹೋಗುವ ಮೊದಲೇ ಅವನು ಗೆರೆಯನ್ನು ಕಪ್ಪೆಯ ಬಾಯಿಯ ಎಡ ತುದಿಗೆ ಎಳೆದ. ಅಲ್ಲಿ, ಸ್ಕೇಲ್ ತೆಗೆದ ಮೇಲೂ ಪೆನ್ಸಿಲ್ ಒಂದಿಷ್ಟು ಮುಂದೆ ಹೋಗಿತ್ತು.

ಮೇಡಂ ಕನ್ನಡಕ ತೆಗೆಯಲಿಲ್ಲ. ಸ್ಕೇಲ್ ಇಟ್ಟು ಅಳೆದರು, ಸಹಿ ಹಾಕಿದರು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದರು: ಎಡ ತುದಿ, ಮೇಲಕ್ಕೆ ೧.೫ ಮಿಲಿಮೀಟರ್.