ಪೆನ್ಸಿಲಿನಲ್ಲಿ ಬರೆದ ಬುಧವಾರ

ಆ ಗುಡ್ಡದೂರಿನಲ್ಲಿ ಚಳಿ ಹೋಗಿ ಬೇಸಿಗೆ ಇನ್ನೂ ಕಾಲಿಡದ ನಾಲ್ಕೈದು ವಾರಗಳನ್ನು ನಂಬುವವನು ಶುದ್ಧ ದಡ್ಡ. ಬೆಳಿಗ್ಗೆ ಬೆನ್ನು ಸುಡುವ ಬಿಸಿಲು, ಹನ್ನೊಂದಕ್ಕೆ ಮಂಜು, ಊಟದ ಹೊತ್ತಿಗೆ ಮಳೆ, ಸಂಜೆಗೆ ಏನೂ ಆಗೇ ಇಲ್ಲ ಅನ್ನುವಂಥ ನೀಲಿ ಆಕಾಶ. ಬಟ್ಟೆ ಒಣಹಾಕಿದವರು ದಿನಕ್ಕೆ ಮೂರು ಸಲ ಅಂಗಳಕ್ಕೆ ಓಡಬೇಕು. ರೇಡಿಯೋದವರು ಹೇಳುವ ಹವಾಮಾನವೆಲ್ಲ ಕೆಳಗಿನ ಬಯಲಿಗೆ. ಗುಡ್ಡ ಹತ್ತುವಷ್ಟರಲ್ಲಿ ಅದಕ್ಕೆ ಉಸಿರು ಕಟ್ಟಿರುತ್ತದೆ.

ಹೆಂಚಣ್ಣ ಮಾತ್ರ ಈ ವಾರಗಳಲ್ಲೂ ನಿಶ್ಚಿಂತೆಯಿಂದ ಜನರ ಮಾಡು ಬಿಚ್ಚುತ್ತಿದ್ದ. ಹಳೆಯ ಹೆಂಚು ಇಳಿಸಿ, ಕೊಳೆತ ಪಟ್ಟಿಗಳನ್ನು ಬದಲಿಸಿ, ಮತ್ತೆ ಹೆಂಚು ಹೊದಿಸಲು ಅವನಿಗೆ ಎರಡು ಹಗಲು ಬೇಕು, ಆ ಎರಡೂ ಮಳೆಯಿಲ್ಲದ ಹಗಲಾಗಿರಬೇಕು. ಇಪ್ಪತ್ತಾರು ವರ್ಷದಲ್ಲಿ ಅವನು ಬಿಚ್ಚಿದ ಯಾವ ಮನೆಯೊಳಗೂ ಒಂದು ಹನಿ ಬಿದ್ದಿರಲಿಲ್ಲ. ಹೆಸರು ಅವನದು. ಬುದ್ಧಿ ಮಾತ್ರ ಮೇಷ್ಟ್ರದು.

ಮೇಷ್ಟ್ರು ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಹಿತ್ತಲಲ್ಲಿ ಮಳೆ ಅಳೆಯುವ ಡಬ್ಬಿ, ಗೋಡೆಯ ಮೇಲೆ ಗಾಳಿಯ ಒತ್ತಡ ತೋರಿಸುವ ಮುಳ್ಳು, ಮೇಜಿನ ಮೇಲೆ ದಪ್ಪ ನೋಟ್‌ಬುಕ್ಕು. ಪ್ರತಿ ಭಾನುವಾರ ಸಂಜೆ ಮನೆ ಮುಂದಿನ ಬೆಂಚಿನ ಮೇಲೆ ಕೂತು, ಬರುವ ಏಳು ದಿನಕ್ಕೆ ಏಳು ಸಾಲನ್ನು ಎಡಗಡೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ನಿಜವಾಗಿ ಆದದ್ದನ್ನು ಆಯಾ ದಿನವೇ ಬಲಗಡೆ ಶಾಯಿಯಲ್ಲಿ ಬರೆಯುತ್ತಿದ್ದರು. ತಪ್ಪಾದರೂ ಅಳಿಸುವಂತಿಲ್ಲ. "ನಮ್ಮನೇಲಿ ರಬ್ಬರ್ ಅನ್ನೋದೇ ಇಲ್ಲ ಕಣಯ್ಯಾ" ಎಂದು ಅವರು ಜಂಬದಿಂದ ಹೇಳುತ್ತಿದ್ದರು. ಬರೆದಾದ ಮೇಲೆ ಪಕ್ಕದಲ್ಲಿ ಕೂತ ಹೆಂಚಣ್ಣನಿಗೆ ಒಂದೊಂದೇ ದಿನ ಬಾಯಲ್ಲಿ ಹೇಳುವುದು ವಾಡಿಕೆ. ಹೆಂಚಣ್ಣ ಒಮ್ಮೆಯೂ ಆ ಪುಟಕ್ಕೆ ಇಣುಕಿದವನಲ್ಲ. ಬಡಿಸುವವರ ಪಾತ್ರೆಗೆ ಯಾರಾದರೂ ಇಣುಕುತ್ತಾರೆಯೇ?

"ದೇವರ ಮೇಲಾದ್ರೂ ನಿಮಗೆ ಅನುಮಾನ ಬಂದೀತು, ಮೇಷ್ಟ್ರ ಮೇಲೆ ಬರಲ್ಲ" ಎಂದು ಹೆಂಡತಿ ರೇಗಿಸುತ್ತಿದ್ದಳು. ಮನೆಯಲ್ಲಿದ್ದ ಒಂದೇ ಟಾರ್ಪಾಲನ್ನು ಅವಳು ಆರು ವರ್ಷದ ಹಿಂದೆಯೇ ಸೌದೆಯ ರಾಶಿಗೆ ಹೊದಿಸಿಬಿಟ್ಟಿದ್ದಳು.

ಈ ಸಲದ ಕೆಲಸ ಊರ ಲೈಬ್ರರಿಯದು. ಅದು ಚೆನ್ನಾಗಿ ಮುಗಿದರೆ ರಜೆಯಲ್ಲಿ ಹೈಸ್ಕೂಲಿನ ಹನ್ನೆರಡು ಕೋಣೆಯ ಮಾಡೂ ಅವನಿಗೇ ಎಂದು ಕಮಿಟಿಯವರು ಮಾತು ಕೊಟ್ಟಿದ್ದರು. ರಜೆ ಪೂರ್ತಿ ಕೈತುಂಬಾ ಕೆಲಸ. ಅದಕ್ಕೆ ಬಾಯಿಬಿಟ್ಟುಕೊಂಡು ಕಾಯುತ್ತಿದ್ದವನು ಇನ್ನೊಬ್ಬನಿದ್ದ: ತಗಡಿನ ಶೀಟು ಹಾಕುವವನು, ಮೇಷ್ಟ್ರ ಹೊಸ ಅಳಿಯ. ಅವನ ಮದುವೆಯಲ್ಲಿ ಹೆಂಚಣ್ಣ ಮೂರು ದಿನ ನಿಂತು ಚಪ್ಪರ ಹಾಕಿದ್ದ.

ಭಾನುವಾರ ಮೇಷ್ಟ್ರು ಏಳು ಸಾಲು ಬರೆದು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೇಳಿದರು: "ಸೋಮವಾರ ಮಂಜು. ಮಂಗಳವಾರ ಬಿಸಿಲು. ಬುಧವಾರ..." ಕೆಮ್ಮು ಬಂತು. ಹೆಂಚಣ್ಣ ಎದ್ದುಹೋಗಿ ನೀರು ತಂದುಕೊಟ್ಟ. ಕುಡಿದು, ಗುಡ್ಡದ ಕಡೆ ನೋಡುತ್ತಾ ಅಂದರು, "ಬುಧವಾರಾನೂ ಬಿಸಿಲೇ. ಧಾರಾಳವಾಗಿ ಬಿಚ್ಚು."

ಮಂಗಳವಾರ ಲೈಬ್ರರಿಯ ಮಾಡು ಬಿಚ್ಚಿಯಾಯಿತು. ಬುಧವಾರ ಮಧ್ಯಾಹ್ನ ಎರಡು ದಾಟುವಷ್ಟರಲ್ಲಿ ಗುಡ್ಡದ ಹಿಂದಿನಿಂದ ಕಪ್ಪು ಮೋಡ ಎದ್ದು, ನಿಂಬೆಕಾಯಿ ಗಾತ್ರದ ಆಲಿಕಲ್ಲು ಬೀಳತೊಡಗಿತು. ಹೆಂಚಣ್ಣನೂ ಅವನ ಇಬ್ಬರು ಕೆಲಸದವರೂ ಮೈಮೇಲಿನ ಅಂಗಿ ಬಿಚ್ಚಿ ಪುಸ್ತಕಗಳಿಗೆ ಹೊದಿಸಿದರು. ಮೂರು ಅಂಗಿ ಎಷ್ಟು ಕಪಾಟು ಮುಚ್ಚೀತು? ಹಿಂದೆಯೇ ಮಳೆಯೂ ಸುರಿಯಿತು. ಲೈಬ್ರರಿ ನೋಡಿಕೊಳ್ಳುವ ಅಮ್ಮ ನೆನೆದ ಪುಸ್ತಕವೊಂದನ್ನು ಎದೆಗವಚಿಕೊಂಡು ಅಳುತ್ತಾ ನಿಂತುಬಿಟ್ಟರು.

"ಮೇಷ್ಟ್ರು ಹೇಳಿದಾರೆ, ಹೆದರಬೇಡಿ ಅಂದಿದ್ರಲ್ಲಪ್ಪಾ?"

"ಮಳೆ ಬರೋದು ಮಗು ಹುಟ್ಟೋದು ಯಾರ ಕೈಲಿದೆಯಮ್ಮಾ? ಅವರದೇನೂ ತಪ್ಪಿಲ್ಲ. ಟಾರ್ಪಾಲು ತರದೆ ಬಂದೆನಲ್ಲ, ತಪ್ಪು ನಂದು" ಎಂದ ಹೆಂಚಣ್ಣ, ಓಡಿಬಂದಿದ್ದ ಕಮಿಟಿಯವರೆಲ್ಲ ಕೇಳುವ ಹಾಗೆ.

ಕಮಿಟಿಯ ಹಿರಿಯರು ಛತ್ರಿ ಮಡಚುತ್ತಾ, "ಹೈಸ್ಕೂಲಿಗೆ ಶೀಟೇ ಹಾಕಿಸೋಣ ಬಿಡಿ. ಕೋಣೆಗೆ ಒಂದೇ ದಿನದ ಕೆಲಸ, ರಗಳೆ ಇಲ್ಲ" ಅಂದರು. ಅಲ್ಲಿಗೆ ಇಪ್ಪತ್ತಾರು ವರ್ಷದ ಹೆಸರು ಚರಂಡಿ ನೀರಿನ ಜೊತೆ ಹರಿದುಹೋಯಿತು.

ಅಷ್ಟಾದರೂ ಆ ಪುಣ್ಯಾತ್ಮನ ಚಿಂತೆ ಏನು ಗೊತ್ತೇ? ಪಾಪ, ಲೆಕ್ಕ ತಪ್ಪಿತೆಂದು ಮೇಷ್ಟ್ರು ಎಷ್ಟು ನೊಂದುಕೊಂಡಿರುತ್ತಾರೋ ಎಂಬುದು! ಒದ್ದೆ ಮೈಯಲ್ಲೇ ಸಮಾಧಾನ ಹೇಳಲು ಅವರ ಮನೆಗೆ ಹೋದ. ಹೊಸದಾಗಿ ಮದುವೆಯಾದ ಮಗಳೇ ಬಾಗಿಲು ತೆರೆದಳು.

"ಅಪ್ಪ ಹಿತ್ತಲಲ್ಲಿ ಮಳೆ ಅಳೀತಿದಾರೆ ಚಿಕ್ಕಪ್ಪಾ. ಕೂತ್ಕೊಳ್ಳಿ, ಟವಲ್ ತರ್ತೀನಿ."

ಮೇಜಿನ ಮೇಲೆ ನೋಟ್‌ಬುಕ್ಕು ತೆರೆದೇ ಇತ್ತು. ಬಲಗಡೆಯ ಶಾಯಿ ಇನ್ನೂ ಹಸಿ: 'ಬುಧ. ಮಧ್ಯಾಹ್ನ ೨-೧೦. ಆಲಿಕಲ್ಲು, ಜೋರು ಮಳೆ.' ಮೇಷ್ಟ್ರು ತಪ್ಪಿದ್ದನ್ನು ನೋಡಿ ಅವರ ಮೇಲೆ ಮರುಕಪಡೋಣವೆಂದೇ ಅವನ ಕಣ್ಣು ಎಡಗಡೆಗೆ ಹೋಯಿತು. ಅಲ್ಲಿ ಪೆನ್ಸಿಲಿನಲ್ಲಿ, ಭಾನುವಾರ ಅವನ ಮೊಣಕೈ ಪಕ್ಕದಲ್ಲೇ ಬರೆದ ಸಾಲು: 'ಬುಧ. ಮಧ್ಯಾಹ್ನ ಆಲಿಕಲ್ಲು ಖಂಡಿತ.'

ಎರಡು ಸಲ ಓದಿದ. ಮೂರನೆಯ ಸಲ ಅಕ್ಷರದ ಮೇಲೆ ಬೆರಳಿಟ್ಟು ಓದಿದ. ಮೇಷ್ಟ್ರು ಒಳಗೆ ಬಂದು, ಅವನ ಬೆರಳು ಎಲ್ಲಿದೆಯೆಂದು ನೋಡಿ, ಬಾಗಿಲ ಬಳಿಯೇ ನಿಂತರು.

"ಮಗಳ ಮುಖ ನೋಡ್ಬಿಟ್ಟೆ ಕಣಯ್ಯಾ" ಅಂದರು. "ಅಳಿಯನಿಗೆ ಕೆಲಸಾನೇ ಸಿಕ್ತಿರಲಿಲ್ಲ."

"ಕೇಳಿದ್ರೆ ಹೈಸ್ಕೂಲು ಬಿಟ್ಟುಕೊಡ್ತಿದ್ದೆ ಮೇಷ್ಟ್ರೆ."

ಹೆಂಚಣ್ಣ ಆ ಪೆನ್ಸಿಲಿನ ಸಾಲನ್ನು ಬೆರಳಿನಿಂದ ತಟ್ಟಿದ.

"ಇಲ್ಲಾದ್ರೂ ಬಿಸಿಲು ಅಂತ ಬರೀಬಹುದಿತ್ತು."

"ಪುಸ್ತಕದಲ್ಲಿ ಸುಳ್ಳು ಬರೆಯೋಕೆ... ಕೈ ಬರಲಿಲ್ಲ."

"ಪುಸ್ತಕಕ್ಕೆ ಬರಲಿಲ್ಲ" ಎಂದ ಹೆಂಚಣ್ಣ. "ನನಗೆ ಹೇಳೋಕೆ ಬಾಯಿ ಬಂತು."

ಮಗಳು ಟವಲ್ ಹಿಡಿದು ಬಂದಳು. ಇಬ್ಬರ ಮುಖವನ್ನೂ ನೋಡಿ ಅಲ್ಲೇ ನಿಂತಳು. ಅವಳ ಎದುರು ಹೆಂಚಣ್ಣ ಆ ವಿಷಯ ಎತ್ತದೆ ಟವಲಿನಲ್ಲಿ ತಲೆ ಒರೆಸಿಕೊಂಡ. ಹೊರಡುವ ಮುಂಚೆ ಉಳಿದ ಸಾಲುಗಳನ್ನು ಓದಿಕೊಂಡ, ಲೈಬ್ರರಿಯ ಮಾಡು ಮುಚ್ಚಬೇಕಿತ್ತಲ್ಲ. 'ಗುರು, ಶುಕ್ರ ಬಿಸಿಲು. ಶನಿ ಸಂಜೆ ಮಳೆ.'

ನಂಬಿದವರೇ ಕುತ್ತಿಗೆ ಕೊಯ್ದರೆಂದು ಊರಿಗೆ ಹೇಳುವ ಹಾಗೂ ಇರಲಿಲ್ಲ. ತಪ್ಪು ನನ್ನದೇ ಎಂದು ಬಾಯಾರೆ ಹೇಳಿ ಬಂದವನು ಅವನೇ. ಈಗ ಬೇರೆ ಮಾತಾಡಿದರೆ ಕುಣಿಯಲಾರದವಳು ನೆಲ ಡೊಂಕು ಅಂದಂತೆ ಎಂದು ನಗುತ್ತಾರೆ. ಹೆಂಡತಿಗೊಬ್ಬಳಿಗೆ ಹೇಳಿದ. ಯಾವತ್ತೂ ರೇಗಿಸುವ ಅವಳು ಅಂದು ರೇಗಿಸಲಿಲ್ಲ.

ಗುರುವಾರ ಬಿಸಿಲು ಬಂತು. ಶುಕ್ರವಾರವೂ ಬಂತು. ಮಾಡು ಮುಚ್ಚಿ ಮುಗಿಸಿದ ಮೇಲೆ, ಶನಿವಾರ ಸಂಜೆ, ಬರೆದಿದ್ದ ಹಾಗೆಯೇ ಮಳೆಯೂ ಬಂತು. ಲೈಬ್ರರಿಯೊಳಗೆ ಒಂದು ಹನಿ ಬೀಳಲಿಲ್ಲ. ಒಂದಾದರೂ ತಪ್ಪಿದ್ದರೆ ಅವನ ಒಡಲುರಿ ಅಷ್ಟರಮಟ್ಟಿಗೆ ತಣ್ಣಗಾಗುತ್ತಿತ್ತೇನೋ. ಒಂದೂ ತಪ್ಪಲಿಲ್ಲ.

ಭಾನುವಾರ ಅವನು ಬೆಂಚಿನ ಕಡೆ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಸೌದೆಯ ಮೇಲಿನ ಟಾರ್ಪಾಲು ಎಳೆದು, ಜೇಡರಬಲೆ ಕೊಡವಿ, ಹೆಗಲಿಗೆ ಹಾಕಿಕೊಂಡು ಹೊರಟ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಜನ ನಗಲಿ. ಮೇಷ್ಟ್ರು ಬೇಲಿಯ ಬಳಿ ಕಾದು ನಿಂತಿದ್ದರು, ಕಿವಿಯಲ್ಲಿ ಪೆನ್ಸಿಲು.

"ಇವತ್ತು ಪೂರ್ತಿ ಬಿಸಿಲು ಕಣಯ್ಯಾ. ನಿಜವಾಗ್ಲೂ. ಆ ಭಾರ ಯಾಕೆ ಹೊರ್ತೀಯ?"

ಹೆಂಚಣ್ಣ ತಲೆಯೆತ್ತಿ ನೋಡಿದ. ಗುಡ್ಡದಾಚೆಯವರೆಗೂ ಒಂದು ಚೂರು ಮೋಡವಿರಲಿಲ್ಲ. ಮೇಷ್ಟ್ರು ಹೇಳಿದ್ದು ನಿಜವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಟಾರ್ಪಾಲನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಮುಂದೆ ನಡೆದ.