ಗ್ರಾಫೀನಿನ ಮೇಲೊಂದು ಗೀರು

ನಾಯಂಡಹಳ್ಳಿಯ ಭೈರೇಶ ಕೆಂಗೇರಿಯ ಲ್ಯಾಬಿನಲ್ಲಿ ನಾಲ್ಕು ವರ್ಷ ಗ್ರಾಫೈಟಿಗೆ ಸೆಲ್ಲೋಟೇಪ್ ಅಂಟಿಸಿ, ಕಿತ್ತು, ಒಂದು ಪರಮಾಣುವಿನಷ್ಟೇ ತೆಳ್ಳಗಿನ ಗ್ರಾಫೀನ್ ಪದರ ಬಿಡಿಸಿದ್ದೇ ಬಂತು. ಒಂದೂ ಕೆಲಸಕ್ಕೆ ಬರಲಿಲ್ಲ. ಕುಷ್ಟಗಿಯಿಂದ ಮೊನ್ನೆ ಮೊನ್ನೆ ಬಂದ ಹನುಮೇಶ, ಹೆಗ್ಗನಹಳ್ಳಿಯ ರೂಮಿನಿಂದ ಎರಡು ಬಸ್ಸು ಬದಲಿಸಿ ಬರುವವನು, ಆರೇ ತಿಂಗಳಲ್ಲಿ ಎರಡು ಪದರದ ಚೂರೊಂದನ್ನು ದೊಡ್ಡ ಆಯಸ್ಕಾಂತದೊಳಗಿಟ್ಟು ಅಳೆದ. ಕರೆಂಟು ಅಂಚು ಹಿಡಿದು ಓಡಿತು. ಎಲ್ಲರೂ ಬಯಸಿದ್ದಂತೆಯೇ ಪರದೆಯ ಮೇಲೆ ಅಳತೆಯ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಲ್ಯಾಬಿನ ಮುಖ್ಯಸ್ಥೆ ಮೇಡಂ ಎಲ್ಲರಿಗೂ ಕಾಫಿ ತರಿಸಿದರು. ಭೈರೇಶನ ಗಂಟಲಲ್ಲಿ ಅದು ಇಳಿಯಲಿಲ್ಲ. ಹೊಟ್ಟೆಕಿಚ್ಚು ಓದಿದವರನ್ನೇನು ಬಿಡುತ್ತದೆಯೇ?

ಮರು ಅಳತೆಗೆಂದು ಚೂರನ್ನು ಹೊರಗೆ ತೆಗೆದಿಟ್ಟಿದ್ದರು. ಎಲ್ಲರೂ ಊಟಕ್ಕೆ ಹೋದಾಗ ಭೈರೇಶ ಅದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಸೂಜಿಮೊನೆಯಲ್ಲಿ ಅಂಚಿನಿಂದ ನಡುವಿನವರೆಗೆ ಗೀರಿದ. ಆಮೇಲೆ ಮುದ್ದೆ ಸರಾಗವಾಗಿ ಇಳಿಯಿತು.

ಮರುದಿನ ಅಳೆದರೆ ಮೆಟ್ಟಿಲು ಕೂದಲೆಳೆಯಷ್ಟೂ ಕದಲಿರಲಿಲ್ಲ.

"ಅಣ್ಣಾ, ಇಲ್ಲಿ ನೋಡ್ರಿ!" ಹನುಮೇಶ ಕುಣಿದ. "ಯಾವಾಗ ಬಿತ್ತೋ ಏನೋ, ಇಷ್ಟುದ್ದ ಗೀರು ಐತಿ. ಆದ್ರೂ ಕರೆಂಟು ಗೀರಿನ ಅಂಚಿಗುಂಟ ಬಳಸಿಕೊಂಡು ಹೊಂಟೈತಿ. ಒಂದು ಎಲೆಕ್ಟ್ರಾನೂ ಹಿಂದಕ್ಕ ತಿರುಗಿಲ್ಲ!"

ಮೇಡಂ ಕಣ್ಣರಳಿಸಿದರು. "ಏಟು ಬಿದ್ರೂ ಈ ಅಂಚಿನ ಕರೆಂಟು ಜಗ್ಗಲ್ಲ ಅಂತ ಬಾಯಲ್ಲಿ ಹೇಳ್ತಿದ್ವಿ, ಈಗ ಸಾಕ್ಷಿನೇ ಸಿಕ್ತು. ಈ ಗೀರು ಹಾಕಿದ್ದು ಯಾರ್ರಪ್ಪಾ? ಪೇಪರಲ್ಲಿ ಹನುಮೇಶನ ಪಕ್ಕದಲ್ಲೇ ಅವರ ಹೆಸರೂ ಹಾಕ್ತೀನಿ."

ನಾಲ್ಕು ವರ್ಷದಿಂದ ಆ ಮಾತಿಗೇ ಕಾದಿದ್ದ ಭೈರೇಶನ ತುಟಿ ಎರಡು ಸಲ ಅಲುಗಿತು.

"ನಂಗೊತ್ತಿಲ್ಲ ಮೇಡಂ," ಎಂದ.