ಗುರುವಾರದ ಖಾಲಿ ಹೊಟ್ಟೆ

ಗೇಟಿನ ಹತ್ತಿರ ಹಸಿರು ದುಪ್ಪಟ್ಟಾ ಹಾರಿತು, ಬಂದಳು ನೋಡು ಮಹಾರಾಣಿ ಅಂದುಕೊಂಡಳು ಜಗದಾಂಬಾ, ಅಲ್ಲ, ಯಾವಳೋ ಕಾಲೇಜು ಹುಡುಗಿ, ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಅಪ್ಪನ ಜೊತೆ ಹೊರಟಿದ್ದಾಳೆ, ರಂಜಿನಿ ಅಲ್ಲ, ರಂಜಿನಿ ಇವತ್ತು ಬರುವುದಿಲ್ಲ, ಬರುವ ಹಾಗೂ ಇಲ್ಲ, ಅದು ಗೊತ್ತಿದ್ದೂ ಬೆಳಿಗ್ಗೆಯಿಂದ ಕಣ್ಣು ಹಸಿರು ಬಟ್ಟೆ ಕಂಡಲ್ಲೆಲ್ಲ ಓಡುತ್ತಿದೆ — ಥೂ, ಈ ಕಣ್ಣಿಗೆ ಮಾನವೇ ಇಲ್ಲ. ದೊಡ್ಡಾಸ್ಪತ್ರೆಯ ವರಾಂಡದ ಸಿಮೆಂಟು ಕಟ್ಟೆ ತಣ್ಣಗಿದೆ, ಈಗಷ್ಟೇ ಒರೆಸಿದ ನೆಲದ ಫಿನಾಯಿಲ್ ಮೂಗಿಗೆ ಅಡರುತ್ತಿದೆ, ಪಕ್ಕದಲ್ಲಿ ಹೊಳಲೂರಿನ ಬಂಗಾರಮ್ಮ, ಪುಟ್ಟಯ್ಯನ ಹೆಂಡತಿ, ಸ್ಟೀಲ್ ಕ್ಯಾರಿಯರನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾಳೆ, ಆಪರೇಷನ್ ಆಗಿ ಗಂಡನಿಗೆ ಎಚ್ಚರವಾದ ಮೇಲೆ ಕುಡಿಸಲಿಕ್ಕೆ ಗಂಜಿ ಅದರಲ್ಲಿ. ಜೈಲಿನ ವ್ಯಾನು ಎಷ್ಟೊತ್ತಿಗೆ ಬರುತ್ತೆ ಅಕ್ಕಾವ್ರೆ, ಬರುತ್ತೆ ಕಣಮ್ಮ, ಬರದೆ ಏನು, ನಾನೇ ನಿಂತು ಪೋಲೀಸ್ ಎಸ್ಕಾರ್ಟ್ ಹಾಕಿಸಿದೀನಿ. ಅದಕ್ಕೆ ಬಂಗಾರಮ್ಮ ತಲೆಯಾಡಿಸಿ, ರಂಜಿನಮ್ಮ ಬಂದಿಲ್ವಾ ಇವತ್ತು, ಅವರಿದ್ದಿದ್ರೆ ಒಂಥರಾ ಧೈರ್ಯ ಇರೋದು ಅಂದಳು. ಕೇಳಿಸಿತಾ ಜಗದಾಂಬಾ, ಅವರಿದ್ದಿದ್ದರೆ ಧೈರ್ಯವಂತೆ, ಪಕ್ಕದಲ್ಲಿ ತೊಡೆಗೆ ತೊಡೆ ತಾಗಿಸಿ ಕೂತಿರುವ ನೀನೇನು ಕಲ್ಲುಕಂಬವಾ.

ಎಷ್ಟು ವರ್ಷ ಸವೆಸಿದಳು ಇದೇ ಕಟ್ಟೆಯ ಮೇಲೆ, ಜೈಲಿನಲ್ಲಿರುವವನಿಗೆ ಕಾಯಿಲೆ ಬಂದರೆ ಆ ಕಾಯಿಲೆಯೂ ಅವನ ಕೈಯಲ್ಲಿರುವುದಿಲ್ಲ, ಡಾಕ್ಟರ್ ಇದ್ದ ದಿನ ಎಸ್ಕಾರ್ಟ್ ಇಲ್ಲ, ಎಸ್ಕಾರ್ಟ್ ಸಿಕ್ಕ ದಿನ ಡಾಕ್ಟರ್ ರಜ, ಇಬ್ಬರೂ ಸಿಕ್ಕರೆ ಎಕ್ಸ್‌ರೇ ಜೈಲಿನ ಕಪಾಟಿನಲ್ಲಿ, ಇವೆಲ್ಲವನ್ನೂ ಒಂದೇ ದಿನ ಒಂದೇ ಬಾಗಿಲಿಗೆ ತಂದು ನಿಲ್ಲಿಸುವವರು ಯಾರಾದರೂ ಬೇಕಲ್ಲ, ಅದು ಖೈದಿಗಳ ಆರೋಗ್ಯ ನೋಡಿಕೊಳ್ಳುವ ಸಂಘದ ಜಗದಾಂಬಾ ಮೇಡಂ, ಇಡೀ ಜೈಲಿಗೆ ಒಬ್ಬಳೇ. ಭದ್ರಾವತಿಯ ಜನ್ನಾಪುರದಲ್ಲಿ ಬೆಳಗಿನ ಬಸ್ಸು ಹಿಡಿಯಬೇಕು, ಕಾರ್ಖಾನೆಯಿಂದ ನಿವೃತ್ತನಾಗಿ ಮನೆಯಲ್ಲಿ ಪೇಪರ್ ಓದುತ್ತ ಕೂತ ಗಂಡ ಹೊನ್ನಯ್ಯ ಕನ್ನಡಕದ ಮೇಲಿಂದ ನೋಡಿ, ಜೈಲಿನವರಿಗೆಲ್ಲ ನೀನು ತಾಯಿ ಮಾರಾಯ್ತಿ, ನನಗೆ ಮಾತ್ರ ಬಾಡಿಗೆಯವಳು ಅನ್ನುತ್ತಾನೆ, ಅನ್ನಲಿ, ಆ ಮಾತಿನಲ್ಲೂ ಒಂದು ಸುಖವಿತ್ತು, ತಾಯಿ ಅಂದನಲ್ಲ. ಆಮೇಲೆ ಸಂಘಕ್ಕೆ ಬಂದಳು ಇವಳು, ರಂಜಿನಿ, ಓಲ್ಡ್ ಟೌನಿನ ಹುಡುಗಿ, ಎಂ.ಎಸ್.ಡಬ್ಲ್ಯೂ ಅಂತೆ, ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು, ಅದೇ ಬಸ್ಸಿಗೆ ಹತ್ತುತ್ತಾಳೆ, ಅಕ್ಕ ನಿಮ್ಮ ಬ್ಯಾಗ್ ಕೊಡಿ ಅಕ್ಕ, ಅಕ್ಕ ನೀವು ಊಟ ಮಾಡಿಲ್ಲ ಅನ್ಸುತ್ತೆ ಅಂತ ಡಬ್ಬಿ ಬಿಚ್ಚಿ ಅವಲಕ್ಕಿ ಮುಂದಿಡುತ್ತಾಳೆ, ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು, ಬೈದುಕೊಂಡು ಹಗುರಾಗಬಹುದಿತ್ತು, ಅವಳ ಅವಲಕ್ಕಿ ತಿಂದು ಅವಳ ಮೇಲೇ ಹೊಟ್ಟೆ ಉರಿದುಕೊಳ್ಳುವ ಗತಿ ಯಾರಿಗೂ ಬೇಡ. ಮೂರು ತಿಂಗಳು ಕಳೆದಿರಲಿಲ್ಲ, ಸರ್ಜನ್ನರು ಕೇಳಿದರು, ರಂಜಿನಿ ಎಲ್ಲಿ ಮೇಡಂ, ಆ ಹುಡುಗಿ ಕೇಸ್ ಚೆನ್ನಾಗಿ ಹೇಳ್ತಾಳೆ. ಜಗದಾಂಬಾ ನಕ್ಕಳು, ಹೌದು ಸಾರ್ ಚುರುಕು ಹುಡುಗಿ, ನಾಲಿಗೆಗೆ ಹಾಗಲಕಾಯಿ ಸವರಿದಂತಾಗಿತ್ತು.

ಆದರೆ ಪುಟ್ಟಯ್ಯನ ಕಾಲಿನದು ಬೇರೆ, ಅದು ಈಗಲೂ ಉರಿಯುತ್ತದೆ. ಪುಟ್ಟಯ್ಯ ಅವಳ ರೋಗಿ, ಅವಳವನು, ಗದ್ದೆಯ ನೀರಿನ ಜಗಳದಲ್ಲಿ ಒಬ್ಬನ ಜೀವ ಹೋಗಿ ಒಳಗೆ ಬಂದವನು, ಸಕ್ಕರೆ ಕಾಯಿಲೆ, ವಾರಕ್ಕೆರಡು ಸಲ ಅವಳು ಹೋದಾಗ ಎದ್ದು ನಿಂತು ಕೈ ಮುಗಿಯುತ್ತಿದ್ದ, ಹೇಗಿದೀರ ಪುಟ್ಟಯ್ಯ, ಚೆನ್ನಾಗಿದೀನಿ ಅಕ್ಕಾವ್ರೆ, ಮಾತ್ರೆ ತಗೊಂಡ್ರಾ, ತಗೊಂಡೆ ಅಕ್ಕಾವ್ರೆ, ಅಷ್ಟೇ, ಅದೇ ಪ್ರೀತಿ ಅಂತ ಅವಳು ನಂಬಿದ್ದಳು. ರಂಜಿನಿ ಅವನ ಹತ್ತಿರ ಹೋದ ಮೊದಲ ದಿನವೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳಂತೆ, ಏನಪ್ಪ ಹೀಗೆ ಕಾಲು ಮುಚ್ಕೊಂಡಿದೀಯ, ತೋರ್ಸು ಅಂತ ಪಂಚೆಯ ಅಂಚು ಸರಿಸಿದಳಂತೆ, ಎಡಗಾಲಿನ ಎರಡು ಬೆರಳು ಇದ್ದಿಲಿನ ಬಣ್ಣ. ಎಷ್ಟು ದಿನದಿಂದ ಹೀಗೆ, ಗೊತ್ತಿಲ್ಲ ಮಗಳೆ, ನೋವೇ ಇಲ್ವಲ್ಲ. ಮಗಳೆ ಅಂದನಂತೆ. ಮತ್ತೆ ಅಕ್ಕಾವ್ರಿಗೆ ಯಾಕೆ ಹೇಳ್ಲಿಲ್ಲ ಅಂದರೆ, ಅವರ ಮುಂದೆ ಕಾಲು ತೋರ್ಸೋದಾ, ಮರ್ಯಾದೆ ಅಲ್ಲ ಅಂದನಂತೆ, ಇದನ್ನೆಲ್ಲ ರಂಜಿನಿಯೇ ಬಸ್ಸಿನಲ್ಲಿ ಹೇಳಿದಳು, ಸಣ್ಣ ದನಿಯಲ್ಲಿ, ನಿಮಗೆ ಬೇಜಾರಾಗಬಾರ್ದು ಅಕ್ಕ ಅಂತ ಕೈ ಹಿಡಿದುಕೊಂಡು ಹೇಳಿದಳು, ಆ ಕೈಯನ್ನು ಕೊಡವಿ ಎಸೆಯಬೇಕು ಅನ್ನಿಸಿತು, ಕೊಡವಲಿಲ್ಲ. ಎದ್ದು ನಿಂತು ಕೈ ಮುಗಿದದ್ದು ದೂರ ಇಡಲಿಕ್ಕೆ, ಇವಳಿಗೆ ಕಾಲು, ತನಗೆ ಕೈಮುಗಿತ. ಡಾಕ್ಟರು ನೋಡಿ, ಬೆರಳು ತೆಗೀಬೇಕು, ತಡ ಮಾಡಿದ್ರೆ ಮೊಣಕಾಲಿನ ತನಕ ಹೋಗುತ್ತೆ, ಗುರುವಾರಕ್ಕೆ ಕರ್ಕೊಂಡು ಬನ್ನಿ ಅಂದರು, ಆ ಗುರುವಾರವನ್ನು ತಂದದ್ದು ಯಾರು, ರಂಜಿನಿ ಅಲ್ಲ, ಎಸ್ಕಾರ್ಟಿಗಾಗಿ ಪೋಲೀಸ್ ಕಚೇರಿಯ ಮುಂದೆ ಬಿಸಿಲಿನಲ್ಲಿ ನಿಂತದ್ದು ಜಗದಾಂಬಾ, ಅದಕ್ಕೆ ಯಾರೂ ಮಗಳೆ ಅನ್ನಲಿಲ್ಲ.

ಆಗಿದ್ದು ಮಂಗಳವಾರ ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ, ಬಂಗಾರಮ್ಮ ಓಡಿ ಬಂದಳು, ಗುರುವಾರ ಆಪರೇಷನ್ ಅಂತಲ್ಲ ಅಕ್ಕಾವ್ರೆ, ರಂಜಿನಮ್ಮ ಹೇಳಿದ್ರು, ನೀವು ಒಂದು ಮಾತೂ ಹೇಳ್ಲಿಲ್ಲ. ಹೇಳಬಾರದು ಕಣೆ ಬಂಗಾರಮ್ಮ, ಖೈದಿಯನ್ನು ಆಸ್ಪತ್ರೆಗೆ ತರುವ ದಿನ ಮನೆಯವರಿಗೆ ಗೊತ್ತಾಗಬಾರದು, ಎಲ್ಲೋ ಯಾವುದೋ ಜಿಲ್ಲೆಯಲ್ಲಿ ತಮ್ಮಂದಿರು ಅಣ್ಣನನ್ನು ಆಸ್ಪತ್ರೆಯ ಹಿಂಬಾಗಿಲಿನಿಂದ ಬೈಕಿನಲ್ಲಿ ಹಾರಿಸಿಕೊಂಡು ಹೋದಮೇಲೆ ಎಲ್ಲ ಕಡೆಯೂ ಇದೇ ನಿಯಮ, ಖೈದಿಗೂ ದಿನ ಹೇಳುವುದಿಲ್ಲ, ರಾತ್ರಿಯಿಂದ ಹೊಟ್ಟೆ ಖಾಲಿ ಇಟ್ಟುಕೋ ಅಂದರೆ ಅವನೇ ಅರ್ಥ ಮಾಡಿಕೊಳ್ಳುತ್ತಾನೆ. ತಾನೂ ಮುರಿದಿಲ್ಲವೇ ಆ ನಿಯಮ, ಮುರಿದಿದ್ದಾಳೆ, ಆದರೆ ಅದರಲ್ಲೊಂದು ನಾಜೂಕು, ಕರೆತರುವ ದಿನವೇ ಬೆಳಿಗ್ಗೆ ಮನೆಯವರ ಊರಿನ ಅಂಗಡಿಗೆ ಫೋನ್ ಮಾಡಿ, ಸುಮ್ಮನೆ ಪೇಟೆ ಕಡೆ ಬಂದು ಹೋಗಿ ಅನ್ನುತ್ತಿದ್ದಳು, ಅಷ್ಟೇ. ಅದನ್ನು ರಂಜಿನಿಗೆ ಕಲಿಸಬಹುದಿತ್ತು, ಕಲಿಸಲಿಲ್ಲ, ಯಾಕೆ ಕಲಿಸಬೇಕು, ಎಲ್ಲ ಗೊತ್ತಿರುವವಳಲ್ಲವೇ. ಬುಧವಾರ ಒಳಗೆ ಹೋಗಿ ಪುಟ್ಟಯ್ಯನಿಗೆ ಹೇಳಿದಳು, ರಾತ್ರಿಯಿಂದ ಏನೂ ತಿನ್ನಬೇಡಿ, ಯಾರು ಕೊಟ್ರೂ ಬೇಡ ಅನ್ನಿ, ಯಾರು ತಿನ್ನು ಅಂದ್ರೂ ಕೇಳ್ಬೇಡಿ, ನಾನೇ ಬಂದು ಹೇಳೋ ತನಕ — ಯಾರು ಅನ್ನುವಾಗ ಅವಳ ಕಣ್ಣ ಮುಂದೆ ಇದ್ದದ್ದು ಹಸಿರು ದುಪ್ಪಟ್ಟಾ ಒಂದೇ, ಆ ಹುಡುಗಿ ಗಂಜಿ ಹಿಡಿದುಕೊಂಡು ಮುದ್ದಾಗಿ ಬಂದರೂ ಸರಿ, ಪುಟ್ಟಯ್ಯ ತನ್ನ ಮಾತಿಗೇ ಕಾಯಬೇಕು — ಆಯ್ತು ಅಕ್ಕಾವ್ರೆ, ನೀವು ಹೇಳ್ದಂಗೆ. ಹೊರಗೆ ಬರುವಾಗ ಜೈಲರ್ ಸಾಹೇಬರ ಬಾಗಿಲು ತೆರೆದಿತ್ತು, ಕಾಲು ತಾನಾಗಿ ಅತ್ತ ತಿರುಗಿತು, ಸಾರ್, ಪುಟ್ಟಯ್ಯನ ಮನೆಯವರಿಗೆ ನಾಳೆ ಅಂತ ಗೊತ್ತಾಗಿದೆ, ನನ್ನಿಂದ ಅಲ್ಲ, ಹೊಸ ಹುಡುಗಿ, ತಿಳೀದೆ ಮಾಡಿದಾಳೆ, ನಾಳೆ ಏನಾದ್ರೂ ಆದ್ರೆ ನಿಮಗೆ ಕೆಟ್ಟ ಹೆಸರಲ್ವಾ. ಸಾಹೇಬರು ಪೆನ್ನು ಕೆಳಗಿಟ್ಟರು, ಹೇಳಿದ್ದು ಒಳ್ಳೇದಾಯ್ತು ಮೇಡಂ, ಆ ಹುಡುಗಿ ಒಳಗೆ ಬರೋ ಪಾಸ್ ನಿಲ್ಲಿಸ್ತೀನಿ. ಆಹಾ, ಎಷ್ಟು ಹಗುರಾಗಿತ್ತು ಮೈ, ಹೋಟೆಲಿಗೆ ಹೋಗಿ ಒಬ್ಬಳೇ ಮಸಾಲೆ ದೋಸೆ ತಿಂದಳು, ಮೇಲೆ ಕಾಫಿ ಕುಡಿದಳು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಜನ್ನಾಪುರದವರೆಗೂ ನಿದ್ದೆ ಮಾಡಿದಳು.

ವ್ಯಾನು ಬಂತು ಅಕ್ಕಾವ್ರೆ, ಬಂಗಾರಮ್ಮ ಎದ್ದಳು, ಸೆರಗು ಸರಿಮಾಡಿಕೊಂಡಳು, ನೀಲಿ ವ್ಯಾನಿನ ಹಿಂಬಾಗಿಲು ತೆರೆಯಿತು, ಕೆಮ್ಮುವ ಒಬ್ಬ ಇಳಿದ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಇನ್ನೊಬ್ಬ ಇಳಿದ, ಆಮೇಲೆ ಎಸ್ಕಾರ್ಟಿನ ಕರಿಯಣ್ಣ ಇಳಿದು ಬಾಗಿಲು ಹಾಕಿದ. ಹಾಕಬೇಡ, ಇನ್ನೊಬ್ಬನಿದ್ದಾನಲ್ಲ. ಪುಟ್ಟಯ್ಯಂದು ಕ್ಯಾನ್ಸಲ್ ಮೇಡಂ, ನಿನ್ನೆ ಸಂಜೆನೇ ಆರ್ಡರ್ ಆಯ್ತು, ಮನೆಯವರಿಗೆ ದಿನ ಗೊತ್ತಾದ್ಮೇಲೆ ಕಳಿಸೋ ಹಾಗಿಲ್ಲವಂತೆ. ಕ್ಯಾನ್ಸಲ್, ಎಸ್ಕಾರ್ಟ್ ಯಾಕೆ ಕ್ಯಾನ್ಸಲ್, ತಾನು ಹೇಳಿದ್ದು ಹುಡುಗಿಯ ಬಗ್ಗೆ, ಹುಡುಗಿಗೆ ಬೈಯಲಿ ಅಂತ, ಪಾಸ್ ಕಿತ್ತುಕೊಳ್ಳಲಿ ಅಂತ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾರಾ ಯಾರಾದರೂ — ಹಾಕುತ್ತಾರೆ ಜಗದಾಂಬಾ, ನಿನಗೆ ಗೊತ್ತಿಲ್ಲದ ನಿಯಮವಾ ಅದು, ದಿನ ಬಯಲಾದರೆ ದಿನವೇ ಸತ್ತಂತೆ ಅಂತ ನೀನೇ ಬೇರೆಯವರಿಗೆ ಹೇಳುತ್ತಿರಲಿಲ್ಲವಾ, ಗೊತ್ತಿತ್ತು, ದೋಸೆ ತಿನ್ನುವಾಗಲೂ ಎಲ್ಲೋ ಗೊತ್ತಿತ್ತು. ಬಂಗಾರಮ್ಮ ಅವಳ ತೋಳು ಹಿಡಿದಿದ್ದಾಳೆ, ಏನಂತೆ, ಇವತ್ತಿಲ್ವಂತಾ, ನಾನು ಬಂದಿದ್ದಕ್ಕಾ ಅಕ್ಕಾವ್ರೆ, ಮತ್ತೆ ಯಾವತ್ತು. ಮತ್ತೆ ಯಾವತ್ತೋ, ಮುಂದಿನ ಗುರುವಾರ ಡಾಕ್ಟರು ಊರಲ್ಲಿಲ್ಲ, ಅಷ್ಟರೊಳಗೆ ಆ ಕಪ್ಪು ಎಲ್ಲಿಯವರೆಗೆ ಏರಿರುತ್ತದೋ, ಪಾದ, ಹರಡು, ಮೊಣಕಾಲು.

ಕರಿಯಣ್ಣ ಬೀಡಿ ಹಚ್ಚಿದ, ಹಚ್ಚಿ ನಕ್ಕ, ಆ ಮುದುಕನ ಹಟ ನೋಡ್ಬೇಕಿತ್ತು ಮೇಡಂ, ಕ್ಯಾನ್ಸಲ್ ಆಯ್ತು ತಿನ್ನೋ ಅಂದ್ರೆ ತಿನ್ನಲ್ಲ, ಅಕ್ಕಾವ್ರೇ ಬಂದು ಹೇಳ್ಲಿ ಅಂತಾನೆ, ತಟ್ಟೆ ಮೇಲೆ ತಟ್ಟೆ ಮುಚ್ಚಿಟ್ಟು ಬಾಗಿಲು ನೋಡ್ಕೊಂಡು ಕೂತಿದಾನೆ. ನನ್ನ ಮಾತು, ನನ್ನ ಮಾತನ್ನೇ ಹಿಡಿದು ಕೂತಿದ್ದಾನೆ, ಅವಳ ಹೆಸರೆತ್ತಲಿಲ್ಲ — ಎದೆಯೊಳಗೆ ಒಂದು ಖುಷಿ ಎದ್ದಿತು, ಹೌದು, ಈ ಹೊತ್ತಿನಲ್ಲೂ ಎದ್ದಿತು, ನಾಚಿಕೆಗೆಟ್ಟ ಖುಷಿ, ಹಸಿರು ದುಪ್ಪಟ್ಟಾದ ಹುಡುಗಿ ಇದನ್ನು ಕೇಳಿಸಿಕೊಳ್ಳಬೇಕಿತ್ತು ಅನ್ನಿಸಿತು. ಆಪರೇಷನ್ ಇಲ್ಲ ಅಂತ ಬೆಳಿಗ್ಗೆ ಜೈಲಿನ ಕಾಂಪೌಂಡರ್ ದಿನದ ಸಕ್ಕರೆ ಕಾಯಿಲೆ ಮಾತ್ರೆ ಕೊಟ್ರು, ಅದನ್ನ ನುಂಗಿದ, ಮಾತ್ರೆ ಬೇಡ ಅಂತ ಅಕ್ಕಾವ್ರು ಹೇಳಿಲ್ಲ ಅಂದ, ಕರಿಯಣ್ಣ ಇನ್ನೂ ನಗುತ್ತಿದ್ದಾನೆ. ಮಾತ್ರೆ ನುಂಗಿದನಾ. ರಾತ್ರಿಯಿಂದ ಖಾಲಿ ಹೊಟ್ಟೆಯ ಮೇಲೆ ಸಕ್ಕರೆ ಮಾತ್ರೆ, ರಕ್ತದಲ್ಲಿ ಉಳಿದ ಸಕ್ಕರೆಯನ್ನೂ ಇಳಿಸಿಬಿಡುತ್ತದೆ, ಹೋದ ಶ್ರಾವಣದಲ್ಲಿ ಹೀಗೇ ಆಗಿತ್ತು, ಉಪವಾಸ ಅಂತ ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿ ನಲ್ಲಿಯ ಹತ್ತಿರ ಬಿದ್ದಿದ್ದ, ಮೈಯೆಲ್ಲ ಬೆವರು, ಬಾಯಿಗೆ ಸಕ್ಕರೆ ಹಾಕಿದ ಮೇಲೆ ಕಣ್ಣು ಬಿಟ್ಟಿದ್ದ, ಸ್ವಲ್ಪ ತಡವಾಗಿದ್ದರೆ ಕಷ್ಟ ಇತ್ತು ಅಂದಿದ್ದರು ಡಾಕ್ಟರು. ಮಾತ್ರೆ ಬೇಡ ಅನ್ನುವುದನ್ನು ಯಾಕೆ ಹೇಳಲಿಲ್ಲ, ಎಲ್ಲರಿಗೂ ಮೊದಲು ಹೇಳುವುದೇ ಅದನ್ನು, ನಿನ್ನೆ ಬಾಯಲ್ಲಿ ಜಾಗವಿರಲಿಲ್ಲ, ಯಾರ ಮಾತೂ ಕೇಳಬೇಡಿ ಅನ್ನುವುದೇ ತುಂಬಿಕೊಂಡಿತ್ತು.

ಗೇಟಿನಾಚೆಯ ಕಾಯಿನ್ ಬೂತಿಗೆ ಓಡಿದಳು, ರೂಪಾಯಿ ಬಿತ್ತು, ಜೈಲಿನ ನಂಬರು ಬೆರಳಿಗೇ ಗೊತ್ತು, ಹಲೋ ನಾನು ಜಗದಾಂಬಾ, ಸಂಘದಿಂದ, ಆ ಕಡೆಯ ದನಿ ತಣ್ಣಗೆ, ನಿಮ್ಮ ಸಂಘದವರು ಯಾರೂ ಒಳಗೆ ಬರೋ ಹಾಗಿಲ್ಲ ಮೇಡಂ, ವಿಚಾರಣೆ ಮುಗಿಯೋ ತನಕ, ನಿಮ್ಮ ಪಾಸೂ ಸೇರಿ. ಬರಲ್ಲಪ್ಪ, ಬರಲ್ಲ, ಪುಟ್ಟಯ್ಯನಿಗೆ ಊಟ ಮಾಡು ಅಂತ ಹೇಳಿ, ನಾನು ಹೇಳಿದೆ ಅಂತ ಹೇಳಿ, ಸಕ್ಕರೆ ಆದ್ರೂ ಬಾಯಿಗೆ ಹಾಕಿ. ಆಗಿಂದ ಹೇಳ್ತಾನೇ ಇದೀವಿ ಮೇಡಂ, ಯಾರು ಹೇಳಿದ್ರೂ ಕೇಳ್ಬಾರ್ದು ಅಂತ ನೀವೇ ಅಂದಿದೀರಂತಲ್ಲ, ಈಗ ನೀವು ಹೇಳಿದ್ರಿ ಅಂದ್ರೆ ನಂಬ್ತಾನಾ, ಸುಳ್ಳು ಅಂತಾನೆ, ನೋಡೋಣ ಇಡಿ, ಟೊಂಯ್ ಅಂತ ಸದ್ದು, ಇನ್ನೊಂದು ರೂಪಾಯಿ ಹಾಕಿದಳು, ಎತ್ತುವವರಿಲ್ಲ, ಮತ್ತೆ ಹಾಕಿದಳು, ಎಂಗೇಜ್. ರಂಜಿನಿ ಇದ್ದಿದ್ದರೆ ನೆಲದ ಮೇಲೆ ಕೂತು, ತಟ್ಟೆ ಸರಿಸಿ, ತಿನ್ನಪ್ಪ ಅಂತ ತುತ್ತು ಕಲಸಿ ಬಾಯಿಗೇ ಇಡುತ್ತಿದ್ದಳು, ಅವಳಿಗೆ ನಿಯಮ ಗೊತ್ತಿಲ್ಲ, ನಾಜೂಕು ಗೊತ್ತಿಲ್ಲ, ಅವಳ ಪಾಸೂ ಇಲ್ಲ, ಆಟೋ ಹಿಡಿಯಬೇಕು, ಜೈಲಿನ ಗೇಟಿಗೆ ಹೋಗಬೇಕು, ಹೋಗಿ ಏನು, ಗೋಡೆಯಾಚೆಗೆ ಕೂಗುವುದಾ, ತಟ್ಟೆ ಮೇಲೆ ತಟ್ಟೆ, ಬಂಗಾರಮ್ಮ ಹಿಂದೆಯೇ ಬಂದು ನಿಂತಿದ್ದಾಳೆ, ಊಟ ಮಾಡಿದ್ರಂತಾ ಅಕ್ಕಾವ್ರೆ, ಮಾಡ್ತಾರೆ ಕಣಮ್ಮ, ಆಟೋ, ಏ ಆಟೋ, ನಿಲ್ಲುತ್ತಿಲ್ಲ, ಈಗ ಬೆವರು ಶುರುವಾಗಿರುತ್ತದೆ, ಮೊದಲು ಕುತ್ತಿಗೆಗೆ, ಆಮೇಲೆ ಕೈ ನಡುಗುತ್ತದೆ, ಆದರೂ ಮುಟ್ಟುವುದಿಲ್ಲ, ಅಕ್ಕಾವ್ರು ಹೇಳಿಲ್ಲ, ತಟ್ಟೆ ಮೇಲೆ ತಟ್ಟೆ, ಅವನು ಗೋಡೆಗೆ ಒರಗಿ, ಪಂಚೆಯನ್ನು ಪಾದದವರೆಗೂ ಎಳೆದುಕೊಂಡು, ಬಾಗಿಲು ನೋಡುತ್ತ, ತಟ್ಟೆ ಮೇಲೆ ತಟ್ಟೆ, ಅವನು ಬಾಗಿಲು ನೋಡುತ್ತ,

ತಟ್ಟೆ ಮೇಲೆ ತಟ್ಟೆ.